ವುಡ್‌ಹೆಡ್ ಒಡ್ಡಿನ ಮುಂದೆ ಇನ್ನೊಂದು ವರ್ಷವೂ ಅಚ್ಚಾಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಇಂಜಿನಿಯರುಗಳನ್ನು ಕುರಿತು ಬಂದ ಲೇಖನವನ್ನು ಎರಡು ಸಲ ಓದಿದೆ. ರೈಲುದಾರಿ ಹಾಕಿದವರಿಗೆ, ಸೇತುವೆ ಕಟ್ಟಿದವರಿಗೆ ಮೀಸಲೆಂಬಂತಿದ್ದ ಜಾಗದಲ್ಲಿ ನೀರಿನ ಕಾಮಗಾರಿಯ ಜಾನ್ ಫ್ರೆಡರಿಕ್ ಬೇಟ್‌ಮನ್ ಅವರ ಹೆಸರನ್ನು ಕಂಡು ನಿಜವಾಗಿ ಸಂತೋಷವಾಯಿತು. ಆದರೆ ಲೇಖನವು ಅವರನ್ನು, ಕೈಯಿಟ್ಟ ಕೆಲಸವನ್ನೆಲ್ಲ ಹೂವೆತ್ತಿದಷ್ಟು ಸುಲಭವಾಗಿ ಮುಗಿಸಿದ ಮನುಷ್ಯನಂತೆ ಚಿತ್ರಿಸಿದೆ. ಗ್ಲಾಸ್ಗೋ ನಗರದ ನೀರಿನ ಯೋಜನೆಯ ಉದ್ಘಾಟನಾ ಸಮಾರಂಭಕ್ಕೆ ಅರ್ಧ ಪುಟ ಸಿಕ್ಕಿದೆ, ಮ್ಯಾಂಚೆಸ್ಟರಿನ ಜಲಾಶಯಗಳಿಗೆ ಒಂದೇ ವಾಕ್ಯ ಸಿಕ್ಕಿದೆ, ಬ್ಯೂನಸ್ ಐರಿಸ್ ಬಂದರಿನ ಪ್ರಸ್ತಾಪವೇ ಇಲ್ಲ. ಕೊನೆಯಲ್ಲಿ ಕೊಟ್ಟಿರುವ ಕಾಮಗಾರಿಗಳ ಪಟ್ಟಿಯಲ್ಲಿ ಮ್ಯಾಂಚೆಸ್ಟರಿನ ವುಡ್‌ಹೆಡ್ ಜಲಾಶಯದ ಹೆಸರಿನ ಮುಂದೆ 1848 ಎಂದಷ್ಟೇ ಇದೆ. ಮೂರು ದಶಕ ನೀರು ಸರಬರಾಜಿನ ಕೆಲಸದಲ್ಲಿದ್ದು ನಿವೃತ್ತನಾದ ನನಗೆ ಆ ಒಂದು ಅಂಕಿಯೇ ಈ ಪತ್ರ ಬರೆಯಲು ಕಾರಣವಾಯಿತು.

ಬೇಟ್‌ಮನ್ ಹುಟ್ಟಿದ್ದು 1810ರ ಮೇ 30ರಂದು, ಯಾರ್ಕ್‌ಶೈರ್‌ನ ಹ್ಯಾಲಿಫ್ಯಾಕ್ಸ್ ಬಳಿಯ ಲೋಯರ್ ವೈಕ್‌ನಲ್ಲಿ, ಮೊರೇವಿಯನ್ ಎಂಬ ಕ್ರೈಸ್ತ ಪಂಥದ ಕುಟುಂಬದಲ್ಲಿ. ಹದಿನೈದನೆಯ ವಯಸ್ಸಿಗೆ ಓಲ್ಡ್‌ಹ್ಯಾಮ್‌ನ ಒಬ್ಬ ಸರ್ವೆಯರ್ ಬಳಿ ಕೆಲಸ ಕಲಿಯಲು ಸೇರಿದರು. 1833ರಲ್ಲಿ ಸ್ವಂತ ವೃತ್ತಿ ಆರಂಭಿಸಿ, ಮರುವರ್ಷವೇ ಮೆಡ್‌ಲಾಕ್ ನದಿಯ ಪ್ರವಾಹಗಳ ಕಾರಣವನ್ನು ಪರಿಶೀಲಿಸಿದರು. ಪ್ರಸಿದ್ಧ ಇಂಜಿನಿಯರ್ ವಿಲಿಯಂ ಫೇರ್‌ಬೇರ್ನ್ ಅವರೊಡನೆ ಐರ್ಲೆಂಡಿನ ಬಾನ್ ನದಿಯ ಕೆಲಸದಲ್ಲಿ ದುಡಿದು, 1841ರಲ್ಲಿ ಅವರ ಅಳಿಯರೂ ಆದರು. ಬಾನ್ ನದಿಯ ದಂಡೆಯಲ್ಲಿದ್ದ ಗಿರಣಿಗಳ ಚಕ್ರಗಳು ಬೇಸಿಗೆಯಲ್ಲಿ ನಿಂತುಹೋಗುತ್ತಿದ್ದವು. ಮಳೆಗಾಲದ ನೀರನ್ನು ಮೇಲಿನ ಸರೋವರದಲ್ಲಿ ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡುವುದು ಅಲ್ಲಿನ ಯೋಜನೆಯಾಗಿತ್ತು. ಎಷ್ಟು ನೀರು ಹಿಡಿಯಬೇಕು, ಎಷ್ಟು ಬಿಡಬೇಕು ಎಂಬ ಲೆಕ್ಕ ಅಲ್ಲಿಂದಲೇ ಅವರ ಬೆನ್ನು ಹತ್ತಿತು.

ಈ ಲೆಕ್ಕಕ್ಕೆ ಬೇಕಾದದ್ದು ಮಳೆಯ ಅಳತೆ. ಬಯಲಿನ ಊರಿನಲ್ಲಿ ಬಿದ್ದ ಮಳೆಯನ್ನು ಅಳೆದು ಗುಡ್ಡದ ಮೇಲೂ ಅಷ್ಟೇ ಬಿದ್ದಿರಬೇಕೆಂದು ಊಹಿಸಿದರೆ ಅಂದಾಜು ಮೂಲದಲ್ಲೇ ತಪ್ಪುತ್ತದೆ. 1840ರ ದಶಕದಲ್ಲಿ ಬೇಟ್‌ಮನ್ ಪೆನ್ನೈನ್ ಬೆಟ್ಟಸಾಲಿನ ಮೇಲೆ ಮಳೆಮಾಪಕಗಳನ್ನು ಇಡಿಸಿ, ಮಳೆಯಾಗಿ ಬಿದ್ದುದೆಷ್ಟು, ಅದರಲ್ಲಿ ಹಳ್ಳಕ್ಕೆ ಹರಿದು ಬಂದುದೆಷ್ಟು ಎಂಬ ಸಂಬಂಧವನ್ನು ಮ್ಯಾಂಚೆಸ್ಟರಿನ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ ಸಂಘದ ಮುಂದೆ ಮಂಡಿಸಿದರು. ಬೀಳುವ ಮಳೆಯಲ್ಲಿ ಒಂದು ಪಾಲು ಆವಿಯಾಗುತ್ತದೆ, ಒಂದು ಪಾಲು ನೆಲ ಕುಡಿಯುತ್ತದೆ, ಉಳಿದದ್ದು ಮಾತ್ರ ನಮ್ಮ ಪಾಲಿಗೆ ದಕ್ಕುತ್ತದೆ. ಇಂದು ಇದು ಎಲ್ಲರಿಗೂ ಗೊತ್ತಿರುವ ವಿಷಯ, ಅಂದು ಅದನ್ನು ಗುಡ್ಡ ಹತ್ತಿ ಇಳಿದು ಅಂಕಿಗಳಲ್ಲಿ ತೋರಿಸಬೇಕಾಗಿತ್ತು. ಅವರ ವೃತ್ತಿಜೀವನದ ಬುನಾದಿ ಇರುವುದು ಈ ಮಳೆಯ ಲೆಕ್ಕದ ಪುಸ್ತಕಗಳಲ್ಲಿ ಎಂದು ನಾನು ತಿಳಿದಿದ್ದೇನೆ.

ಆ ಲೆಕ್ಕದ ಬಲದಿಂದಲೇ ಮ್ಯಾಂಚೆಸ್ಟರಿಗೆ ಲಾಂಗ್‌ಡೆಂಡೇಲ್ ಕಣಿವೆಯ ನೀರನ್ನು ತರುವ ಯೋಜನೆ ರೂಪುಗೊಂಡು, 1848ರಲ್ಲಿ ಕೆಲಸ ಶುರುವಾಯಿತು. ಎಥೆರೋ ನದಿ ಹರಿಯುವ ಆ ಇಕ್ಕಟ್ಟಾದ ಕಣಿವೆಯಲ್ಲಿ ವುಡ್‌ಹೆಡ್, ಟೋರ್‌ಸೈಡ್, ರೋಡ್ಸ್‌ವುಡ್, ವೇಲ್‌ಹೌಸ್, ಬಾಟಮ್ಸ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಜಲಾಶಯಗಳು ಇಳಿಯುತ್ತವೆ. ಕೆಳಗಿನವು ಮುಖ್ಯವಾಗಿ ಗಿರಣಿಗಳ ಹಕ್ಕಿನ ನೀರಿಗಾಗಿ ಕಟ್ಟಿದವು. ನಗರಕ್ಕೆ ಕುಡಿಯುವ ನೀರು ಬೇಕೆಂದು ನದಿಯನ್ನೇ ತಿರುಗಿಸಿಕೊಂಡರೆ ಕೆಳಗೆ ಚಕ್ರ ನಡೆಸುವ ಗಿರಣಿಯವರು ಸುಮ್ಮನಿರುವರೇ? ಅವರಿಗೆ ನಿತ್ಯ ಇಷ್ಟು ನೀರು ಬಿಡುತ್ತೇವೆಂದು ಕಾನೂನಿನಲ್ಲೇ ಬರೆದುಕೊಟ್ಟ ಮೇಲೆ ಉಳಿದ ನೀರು ನಗರದ್ದಾಯಿತು.

ಇಲ್ಲಿ ಬೇಟ್‌ಮನ್ ಬಳಸಿದ ಒಂದು ಏರ್ಪಾಡನ್ನು ಓದುಗರಿಗೆ ಹತ್ತಿರದಿಂದ ತೋರಿಸಬೇಕೆನಿಸುತ್ತದೆ. ಆ ಬೆಟ್ಟಗಳ ಮೇಲೆ ಕಪ್ಪು ಕೊಳೆಹುಲ್ಲಿನ ಜೌಗು ಹಾಸಿಕೊಂಡಿದೆ. ಮಳೆ ಜೋರಾದಾಗ ತೊರೆಗಳು ಕಂದು ಬಣ್ಣದ ಕದಡು ನೀರನ್ನು ತರುತ್ತವೆ, ಉಳಿದ ದಿನಗಳಲ್ಲಿ ಅದೇ ತೊರೆಗಳ ನೀರು ತಿಳಿಯಾಗಿರುತ್ತದೆ. ಇವೆರಡನ್ನೂ ಬೇರೆ ಬೇರೆ ಮಾಡುವುದಕ್ಕೆ ತೊರೆಗೆ ಅಡ್ಡಲಾಗಿ ಒಂದು ಕಲ್ಲಿನ ಕಟ್ಟೆ ಕಟ್ಟಿ, ಅದರ ಕೆಳಮಗ್ಗುಲಲ್ಲಿ ಕಿರಿದಾದ ಒಂದು ಸಂದು ಬಿಟ್ಟರು. ತೊರೆ ಸಣ್ಣಗೆ ಹರಿಯುವಾಗ ನೀರು ಕಟ್ಟೆಯ ಅಂಚಿನಿಂದ ನೇರವಾಗಿ ಆ ಸಂದಿಗೆ ಬಿದ್ದು, ಒಳಗಿನ ಕಾಲುವೆ ಹಿಡಿದು ನಗರದ ಕಡೆಗೆ ಹೋಗುತ್ತದೆ. ತೊರೆ ಉಕ್ಕಿದಾಗ ನೀರಿಗೆ ರಭಸ ಬಂದು, ಅದು ಸಂದನ್ನೇ ಹಾರಿ ಆಚೆ ಬಿದ್ದು ಗಿರಣಿಗಳ ಪಾಲಿನ ಜಲಾಶಯಕ್ಕೆ ಸೇರುತ್ತದೆ. ಬಾಗಿಲೆತ್ತುವ ಆಳು ಬೇಡ, ತಿರುಗಿಸುವ ಚಕ್ರ ಬೇಡ, ನಡುರಾತ್ರಿಯ ಮಳೆಗೆ ಯಾರೂ ಎದ್ದು ಓಡಬೇಕಾಗಿಲ್ಲ. ಸಂದಿನ ಅಗಲವನ್ನು ಸರಿಯಾಗಿ ಗೊತ್ತುಮಾಡಿದರೆ ನೀರೇ ತನ್ನನ್ನು ತಾನು ಆರಿಸಿಕೊಳ್ಳುತ್ತದೆ. ನನ್ನ ಕೆಲಸದ ದಿನಗಳಲ್ಲಿ ಎಷ್ಟೋ ದುಬಾರಿ ಯಂತ್ರಗಳನ್ನು ನೋಡಿದ್ದೇನೆ, ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಕೆಲಸ ಮಾಡುವ ಸಾಧನ ಮತ್ತೊಂದು ನನ್ನ ಕಣ್ಣಿಗೆ ಬಿದ್ದಿಲ್ಲ.

ಈಗ ವುಡ್‌ಹೆಡ್ ವಿಷಯಕ್ಕೆ ಬರುತ್ತೇನೆ. ಆ ಕಾಲದ ಮಣ್ಣಿನ ಒಡ್ಡಿನ ಜೀವವೆಲ್ಲ ಅದರ ನಡುವಿನ ಜೇಡಿಮಣ್ಣಿನ ಗೋಡೆಯಲ್ಲಿತ್ತು. ಜೇಡಿಯನ್ನು ಕೊಚ್ಚಿ, ನೀರು ಹಾಕಿ, ಕೂಲಿಯವರು ಬೂಟುಗಾಲಿನಲ್ಲಿ ತುಳಿದು ತುಳಿದು, ಗಾಳಿಯ ಗುಳ್ಳೆಯಾಗಲಿ ಬಿರುಕಾಗಲಿ ಉಳಿಯದಂತೆ ಹದಮಾಡಿ, ತೆಳುವಾದ ಪದರಗಳಲ್ಲಿ ಒಂದರ ಮೇಲೊಂದು ಕೂರಿಸುತ್ತಿದ್ದರು. ಹದ ನೋಡುವುದಕ್ಕೆ ಒಂದು ಮುಷ್ಟಿ ಜೇಡಿಯನ್ನು ಬತ್ತಿಯಂತೆ ಹೊಸೆದು ಒಂದು ತುದಿಯಲ್ಲಿ ಹಿಡಿದು ತೂಗುಬಿಡುವುದು ಹಳೆಯ ಪದ್ಧತಿ. ತನ್ನ ಭಾರಕ್ಕೆ ತಾನೇ ಹರಿಯದೆ ನಿಂತರೆ ಮಣ್ಣು ಆದೀತು ಎಂದು ಅರ್ಥ. ಆದರೆ ಗೋಡೆ ಎಷ್ಟೇ ಗಟ್ಟಿಯಾಗಿರಲಿ, ಅದು ನೆಲದೊಳಗೆ ಇಳಿಯುವ ಕಂದಕವು ನೀರು ಬಿಡದ ಪದರವನ್ನು ಮುಟ್ಟದಿದ್ದರೆ ಒಡ್ಡಿನ ಅಡಿಯಿಂದಲೇ ನೀರು ದಾರಿ ಮಾಡಿಕೊಳ್ಳುತ್ತದೆ. ಲಾಂಗ್‌ಡೆಂಡೇಲ್ ಕಣಿವೆಯ ಮಗ್ಗುಲುಗಳಲ್ಲಿ ಹಳೆಯ ಭೂಕುಸಿತಗಳ ಸಡಿಲ ರಾಶಿಯಿದೆ, ಕೆಳಗೆ ಒಡಕು ಬಿಟ್ಟ ಮರಳುಗಲ್ಲು ಮತ್ತು ಜೇಡಿಗಲ್ಲಿನ ಪದರಗಳಿವೆ. ವುಡ್‌ಹೆಡ್‌ನಲ್ಲಿ ಮೊದಲು ಕಟ್ಟಿದ ಒಡ್ಡು ನೀರು ಹಿಡಿಯಲಿಲ್ಲ, ಸೋರಿತು.

ಸೋರಿಕೆ ಎಂಬುದನ್ನು ಕಚೇರಿಯಲ್ಲಿ ಕುಳಿತು ಓದುವುದು ಬೇರೆ, ಒಡ್ಡಿನ ಬುಡದಲ್ಲಿ ನಿಂತು ನೋಡುವುದು ಬೇರೆ. ನಾನು ಕಿರಿಯ ಇಂಜಿನಿಯರನಾಗಿದ್ದಾಗ ಒಂದು ಮಣ್ಣಿನ ಒಡ್ಡಿನ ಕೆಳಗೆ ಹುಲ್ಲು ಬೇಸಿಗೆಯಲ್ಲೂ ಹಸುರಾಗಿರುವ ಒಂದು ತೇವದ ಜಾಗವಿತ್ತು. ದಿನವೂ ಬೆಳಿಗ್ಗೆ ಅಲ್ಲಿಗೆ ಹೋಗಿ, ತಗಡಿನಲ್ಲಿ ಕೊರೆದ ಮೂರು ಮೂಲೆಯ ಕಚ್ಚಿನಿಂದ ಬೀಳುವ ನೀರಿನ ಮಟ್ಟವನ್ನು ಅಳೆದು ಬರೆಯುವುದು ನನ್ನ ಪಾಲಿನ ಕೆಲಸ. ಅಳತೆಗಿಂತ ಮುಂಚೆ ಗಾಜಿನ ಲೋಟದಲ್ಲಿ ಆ ನೀರನ್ನು ಹಿಡಿದು ಬೆಳಕಿಗೆ ಎತ್ತಿ ನೋಡಬೇಕೆಂದು ನನ್ನ ಮೇಲಧಿಕಾರಿ ಹೇಳಿಕೊಟ್ಟಿದ್ದರು. ತಿಳಿಯಾಗಿದ್ದರೆ ಮನೆಗೆ ಹೋಗಿ ತಿಂಡಿ ತಿನ್ನಬಹುದು, ಕದಡಿದ್ದರೆ ಒಡ್ಡಿನೊಳಗಿನ ಮಣ್ಣು ಕರಗಿ ಹೊರಗೆ ಬರುತ್ತಿದೆ ಎಂದರ್ಥ. ಆ ಲೋಟವನ್ನು ಎತ್ತುವಾಗ ಕೈ ನಡುಗಿದ್ದು ಇಂದಿಗೂ ನೆನಪಿದೆ. ಬೇಟ್‌ಮನ್ ಇಂಥ ಒಂದು ಚಿಂತೆಯನ್ನು ಎಷ್ಟು ವರ್ಷ ಹೊತ್ತು ತಿರುಗಿರಬೇಕೆಂದು ಯೋಚಿಸಿದರೆ ಗೌರವ ಹೆಚ್ಚುತ್ತದೆ.

ಏಕೆಂದರೆ ಅವರ ಕಾಲದಲ್ಲಿ ಒಡ್ಡು ಒಡೆಯುವುದು ದೂರದ ಮಾತಾಗಿರಲಿಲ್ಲ. ಅದೇ ಬೆಟ್ಟಸಾಲಿನ ಆಚೆ ಮಗ್ಗುಲಲ್ಲಿ ಹೋಮ್‌ಫರ್ತ್ ಪಟ್ಟಣದ ಮೇಲೆ ಬಿಲ್ಬೆರಿ ಜಲಾಶಯವಿತ್ತು. ಅದರ ಬುನಾದಿಯಲ್ಲಿ ಸಿಕ್ಕ ಒಂದು ಒರತೆಯನ್ನು ಸರಿಯಾಗಿ ಕಟ್ಟಿಹಾಕದೆ ಮೇಲೆ ಮಣ್ಣು ಏರಿಸಿದರು. ಒಡ್ಡು ವರ್ಷ ವರ್ಷವೂ ಕುಸಿಯುತ್ತ ಬಂದು, ಹೆಚ್ಚಾದ ನೀರು ಹೊರಹೋಗಲೆಂದು ಕಟ್ಟಿದ್ದ ಬಾವಿಯಂಥ ಕೋಡಿಯ ಬಾಯಿಗಿಂತ ಒಡ್ಡಿನ ನೆತ್ತಿಯೇ ತಗ್ಗಾಯಿತು. ಕೋಡಿಯನ್ನು ತಗ್ಗಿಸಿದ್ದರೆ ಸಾಕಾಗಿತ್ತು. ಆ ಸಣ್ಣ ಕೆಲಸವೂ ಆಗಲಿಲ್ಲ. 1852ರ ಫೆಬ್ರವರಿ 5ರ ರಾತ್ರಿ ನೀರು ಒಡ್ಡಿನ ಮೇಲೆಯೇ ಹರಿದು, ಒಡ್ಡು ಕೊಚ್ಚಿಹೋಗಿ, 81 ಜನ ಸತ್ತರು. ಹನ್ನೆರಡು ವರ್ಷಗಳ ನಂತರ, 1864ರ ಮಾರ್ಚ್ 11ರ ರಾತ್ರಿ ಶೆಫೀಲ್ಡ್ ಬಳಿಯ ಡೇಲ್ ಡೈಕ್ ಒಡ್ಡು ಮೊದಲ ಸಲ ತುಂಬುತ್ತಿರುವಾಗಲೇ ಒಡೆದು 240 ಮಂದಿಯಾದರೂ ಜೀವ ಕಳೆದುಕೊಂಡರು.

ಸೋರುವ ಒಡ್ಡಿಗೆ ತೇಪೆ ಹಾಕಿ, ಅದರ ಮುಂದೆ ನಿಂತು ಭಾಷಣ ಮಾಡಿ ಮುಂದಿನ ಕೆಲಸಕ್ಕೆ ಹೋಗುವುದು ಆಗದ ಮಾತೇನಲ್ಲ. ವುಡ್‌ಹೆಡ್‌ನಲ್ಲಿ ಹಾಗಾಗಲಿಲ್ಲ. ಹಳೆಯ ಒಡ್ಡಿನಿಂದ ನದಿ ಹರಿಯುವ ದಿಕ್ಕಿಗೆ ತುಸು ಕೆಳಗಡೆ, ಹೆಚ್ಚು ಆಳಕ್ಕೆ ಕಂದಕ ತೋಡಿ, ಹೊಸದಾಗಿ ಇನ್ನೊಂದು ಒಡ್ಡನ್ನೇ ಕಟ್ಟಿದರು. ಅದು ಮುಗಿದದ್ದು 1877ರಲ್ಲಿ. ಸರಣಿಯಲ್ಲಿ ಮೊಟ್ಟಮೊದಲು ಶುರುವಾದ ಜಲಾಶಯವೇ ಎಲ್ಲಕ್ಕಿಂತ ಕೊನೆಗೆ ಮುಗಿಯಿತು. ಕೆಲಸ ಶುರುವಾದಾಗ ಬೇಟ್‌ಮನ್ ಅವರಿಗೆ 38 ವರ್ಷ, ಮುಗಿದಾಗ 67. ಇನ್ನೂ ದೊಡ್ಡ ಮಾತೆಂದರೆ, 1884ರಲ್ಲಿ ಮ್ಯಾಂಚೆಸ್ಟರ್ ಜಲಕಾಮಗಾರಿಯ ಚರಿತ್ರೆಯನ್ನು ತಾವೇ ಬರೆದು ಪ್ರಕಟಿಸಿದಾಗ ಈ ತೊಡಕುಗಳನ್ನು ಅವರು ಮುಚ್ಚಿಡಲಿಲ್ಲ. ಅವರೇ ಅಚ್ಚು ಹಾಕಿಸಿದ್ದನ್ನು ನಾವು ಅವರ ಹೊಗಳಿಕೆಗೆಂದು ಅಳಿಸುವುದು ಯಾವ ನ್ಯಾಯ?

ಗ್ಲಾಸ್ಗೋಗೆ ಲಾಕ್ ಕ್ಯಾಟ್ರಿನ್ ಸರೋವರದ ನೀರು ತಂದ ಯೋಜನೆಯ ಬಗ್ಗೆ ಲೇಖನದಲ್ಲಿ ಸಾಕಷ್ಟು ಬಂದಿದೆ, ಆದ್ದರಿಂದ ಬಿಟ್ಟುಹೋದದ್ದನ್ನು ಮಾತ್ರ ಹೇಳುತ್ತೇನೆ. 1859ರ ಅಕ್ಟೋಬರ್ 14ರಂದು ರಾಣಿ ನೀರು ಬಿಟ್ಟ ಆ ಸರೋವರದಿಂದ ಮಗ್‌ಡಾಕ್ ಜಲಾಶಯದವರೆಗೆ ಸುಮಾರು 26 ಮೈಲಿ ದೂರ ನೀರು ಒಂದು ಪಂಪಿನ ಸಹಾಯವೂ ಇಲ್ಲದೆ ತನ್ನ ಪಾಡಿಗೆ ಹರಿದು ಬರುತ್ತದೆ. ಕಾಲುವೆ ಮತ್ತು ಸುರಂಗಗಳಿಗೆ ಕೊಟ್ಟ ಇಳಿಜಾರು ಮೈಲಿಗೆ 10 ಅಂಗುಲ ಮಾತ್ರ. ಅಷ್ಟು ಸಣ್ಣ ಇಳಿಜಾರನ್ನು ಅಭ್ರಕ ಬೆರೆತ ಗಟ್ಟಿ ಬಂಡೆಯ ಒಳಗೆ, ಎರಡು ತುದಿಗಳಿಂದ ಕೊರೆಯುತ್ತ ಬಂದು ತಪ್ಪದೆ ಸೇರಿಸುವುದೆಂದರೆ ಎಂಥ ಸೂಕ್ಷ್ಮದ ಕೆಲಸ! ಸರೋವರದ ದಂಡೆಯಲ್ಲೇ ಆರಂಭವಾಗುವ ಮೊದಲ ಸುರಂಗದ ಉದ್ದ 2,325 ಗಜ. ಕೆಲವೆಡೆ ಹಗಲಿರುಳು ದುಡಿದರೂ ತಿಂಗಳಿಗೆ ಕೆಲವೇ ಗಜ ಮುಂದೆ ಹೋಗಲಾಗುತ್ತಿತ್ತು. ಕ್ರಿಮಿಯಾ ಯುದ್ಧದ ಕಾಲವಾದ್ದರಿಂದ, ಬಂಡೆ ಸಿಡಿಸುವ ಸದ್ದು ಎಡೆಬಿಡದೆ ಕೇಳುತ್ತಿದ್ದ ಕೂಲಿಗಳ ಗುಡಿಸಲು ಬೀಡಿಗೆ ಜನ ಆ ಯುದ್ಧದಲ್ಲಿ ಮುತ್ತಿಗೆಗೆ ಒಳಗಾದ ಸೆಬಾಸ್ಟೊಪೋಲ್ ನಗರದ ಹೆಸರನ್ನೇ ಇಟ್ಟಿದ್ದರು. 1848–49 ಮತ್ತು 1853–54ರ ಕಾಲರಾಗಳಲ್ಲಿ ಪ್ರತಿ ಸಲವೂ ಸಾವಿರಾರು ಜನರನ್ನು ಕಳೆದುಕೊಂಡ ಗ್ಲಾಸ್ಗೋದಲ್ಲಿ 1866ರ ಕಾಲರಾಕ್ಕೆ ಬಲಿಯಾದವರು 53 ಜನ. ಈ ಅಂಕಿಯನ್ನು ಲೇಖನ ಬಿಟ್ಟುಬಿಟ್ಟು ರಾಣಿಯ ಮೆರವಣಿಗೆಯನ್ನು ವರ್ಣಿಸಿದ್ದು ನನಗೆ ನೋವು ತಂದಿತು.

ಈ ಯೋಜನೆಯೂ ಮೊದಲ ಸಲಕ್ಕೇ ಒಪ್ಪಿಗೆ ಪಡೆದದ್ದಲ್ಲ. 1854ರಲ್ಲಿ ಪಾರ್ಲಿಮೆಂಟಿನ ಮುಂದೆ ಬಂದಾಗ ಅಡ್ಡ ನಿಂತವರು ನೌಕಾಡಳಿತದವರು. ಆ ಸರೋವರದ ನೀರು ಟೀತ್ ನದಿಯ ಮೂಲಕ ಫೋರ್ತ್ ನದಿಗೆ ಸೇರುತ್ತದೆ. ಮೇಲಿನಿಂದ ನೀರು ಕಡಿಮೆಯಾದರೆ ಅಳಿವೆಯಲ್ಲಿ ಹೂಳು ತುಂಬಿ ಹಡಗುಗಳ ದಾರಿ ಕೆಡುತ್ತದೆ ಎಂಬುದು ಅವರ ಆಕ್ಷೇಪಣೆ. ಬೆಟ್ಟದ ಮೇಲಿನ ಒಂದು ತೂಬು ಹತ್ತಾರು ಮೈಲಿ ಕೆಳಗಿನ ಸಮುದ್ರದ ಬಾಯಿಗೆ ಉತ್ತರ ಹೇಳಬೇಕಾಯಿತು. ಕೊನೆಗೆ ವೆನ್ನಾಕರ್ ಮತ್ತು ಡ್ರಂಕಿ ಸರೋವರಗಳಲ್ಲಿ ನೀರು ಹಿಡಿದು ನದಿಗೆ ಅದರ ಪಾಲನ್ನು ಬಿಡುವ ಏರ್ಪಾಡಿನೊಂದಿಗೆ 1855ರಲ್ಲಿ ಒಪ್ಪಿಗೆ ದೊರೆಯಿತು. ಜಲಾಶಯದವರು ಬೇರೆ, ಬಂದರಿನವರು ಬೇರೆ ಎಂದು ಲೇಖನದಲ್ಲಿ ಎರಡು ಪಂಗಡ ಮಾಡಿದ್ದಾರಲ್ಲ, ಆ ಕಾಲದ ಇಂಜಿನಿಯರನಿಗೆ ಹಾಗೆ ವಿಂಗಡಿಸಿಕೊಂಡು ಕೂರುವ ಅವಕಾಶವಿರಲಿಲ್ಲ.

ಅದಕ್ಕೆ ಅತ್ಯಂತ ಒಳ್ಳೆಯ ಸಾಕ್ಷಿ ಬ್ಯೂನಸ್ ಐರಿಸ್. 1870ರ ಕೊನೆಯಲ್ಲಿ ಅರ್ಜೆಂಟೀನ ಸರ್ಕಾರದ ಕರೆಯ ಮೇರೆಗೆ ಬೇಟ್‌ಮನ್ ಅಲ್ಲಿಗೆ ಹೋದದ್ದು ಬಂದರಿನ ಯೋಜನೆ ತಯಾರಿಸಲಿಕ್ಕೆ. ಪ್ಲಾಟಾ ನದಿಯ ಅಳಿವೆ ಬಹಳ ವಿಶಾಲ, ಆದರೆ ಆಳವಿಲ್ಲ. ಹಡಗುಗಳು ದಡದಿಂದ ಮೈಲಿಗಟ್ಟಲೆ ದೂರದಲ್ಲೇ ಲಂಗರು ಹಾಕುತ್ತಿದ್ದವು. ಪ್ರಯಾಣಿಕರು ಅಲ್ಲಿಂದ ದೋಣಿಗೆ ಇಳಿದು, ದೋಣಿಯೂ ನೆಲಕ್ಕೆ ತಾಕುವ ಕಡೆ, ನೀರಿನೊಳಗೇ ಕುದುರೆ ಹೂಡಿ ನಿಲ್ಲಿಸಿದ ಎತ್ತರದ ಚಕ್ರದ ಗಾಡಿಗೆ ಹತ್ತಿ, ಒದ್ದೆಯಾಗುತ್ತ ಊರು ಸೇರಬೇಕಾಗಿತ್ತು. ಇದನ್ನು ನಿವಾರಿಸಲು ಬೇಟ್‌ಮನ್ ಯೋಜನೆ ಹಾಕಿಕೊಟ್ಟರು, ಆದರೆ ಅದನ್ನು ಯಾರೂ ಕಟ್ಟಲಿಲ್ಲ. ಅಷ್ಟರಲ್ಲಿ 1871ರ ಹಳದಿ ಜ್ವರ ಎರಡು ಲಕ್ಷಕ್ಕಿಂತ ಕಡಿಮೆ ಜನವಿದ್ದ ಆ ನಗರದಲ್ಲಿ ಸುಮಾರು 14,000 ಜನರನ್ನು ಬಲಿ ತೆಗೆದುಕೊಂಡಿತು. ಬಂದರಿಗೆಂದು ಕರೆಸಿದ ಇಂಜಿನಿಯರಿಗೆ ನಗರದ ಕುಡಿಯುವ ನೀರು ಮತ್ತು ಒಳಚರಂಡಿಯ ಕೆಲಸವನ್ನು ವಹಿಸಿದರು. 1874ರಲ್ಲಿ ಶುರುವಾದ ಕಾಮಗಾರಿ ಹಣದ ಮುಗ್ಗಟ್ಟಿನಿಂದ ನಡುವೆ ಕೆಲವು ವರ್ಷ ನಿಂತು, ಮತ್ತೆ ನಡೆಯಿತು. ಅಲ್ಲಿನ ನೀರಿನ ದೊಡ್ಡ ಸಂಗ್ರಹಾಗಾರ, ಹೊರಗೆ ಅರಮನೆಯಂತೆ ಬಣ್ಣದ ಸುಟ್ಟಮಣ್ಣಿನ ಅಲಂಕಾರ, ಒಳಗೆ 12 ಕಬ್ಬಿಣದ ತೊಟ್ಟಿಗಳಲ್ಲಿ 7 ಕೋಟಿ 20 ಲಕ್ಷ ಲೀಟರ್ ನೀರು ಹಿಡಿಯುತ್ತಿದ್ದ ಕಟ್ಟಡ, ಬೇಟ್‌ಮನ್ ಅವರ ಸಂಸ್ಥೆಯದೇ ಕೆಲಸ. ಅದು ಮುಗಿದದ್ದು 1894ರಲ್ಲಿ. ಬೇಟ್‌ಮನ್ ತೀರಿಕೊಂಡದ್ದು 1889ರ ಜೂನ್ 10ರಂದು.

ಬಂದರಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1887ರಿಂದ 1897ರವರೆಗೆ ಎಡ್ವಾರ್ಡೊ ಮಡೆರೊ ಅವರ ಯೋಜನೆಯಂತೆ ಬಂದರು ಎದ್ದಿತು. ಬೆಳೆಯುತ್ತಲೇ ಹೋದ ಹಡಗುಗಳಿಗೆ ಅದೂ ಬೇಗನೆ ಸಾಲದಾಗಿ, ಮುಂದೆ ಹೊಸ ಬಂದರನ್ನೇ ಕಟ್ಟಬೇಕಾಯಿತು. ಬೇಟ್‌ಮನ್ ಅವರ ಯೋಜನೆ ಇದಕ್ಕಿಂತ ಮೇಲಾಗಿತ್ತೆಂದು ನಾನು ವಾದಿಸುತ್ತಿಲ್ಲ. ಹೂಳಿನ ಅಳಿವೆಯಲ್ಲಿ ಬಂದರು ಕಟ್ಟುವುದು ಎಷ್ಟು ಕಠಿಣವೆಂಬುದನ್ನು ಓದುಗರು ಅರಿಯಬೇಕಾದರೆ ಕಟ್ಟದೆ ಬಿಟ್ಟ ನಕ್ಷೆಗೂ ಲೇಖನದಲ್ಲಿ ಎರಡು ಸಾಲು ಸಿಗಬೇಕು ಎಂದಷ್ಟೇ ನನ್ನ ಮಾತು. ಹಾಗೆಯೇ ಸೆವರ್ನ್ ನದಿಯ ಉಗಮದಿಂದ ಲಂಡನ್ನಿಗೆ ನೀರು ತರಬೇಕೆಂದು ಅವರು 1865ರಲ್ಲಿ ಮುಂದಿಟ್ಟ ಯೋಜನೆಯೂ ಕಾಗದದಲ್ಲೇ ಉಳಿಯಿತು.

ಪಟ್ಟಿಯಲ್ಲಿ ಪ್ರತಿ ಕಾಮಗಾರಿಗೂ ಒಂದು ಹೆಸರು, ಒಂದು ವರ್ಷ ಕೊಡುವ ಪದ್ಧತಿಯ ತೊಂದರೆ ಬಂದರುಗಳಲ್ಲಂತೂ ಇನ್ನೂ ಹೆಚ್ಚು. ಲೇಖನವು ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್ ಬಂದರನ್ನು ಜೇಮ್ಸ್ ಮೆಡೋಸ್ ರೆಂಡೆಲ್ ಅವರ ಹೆಸರಿನಲ್ಲಿ ಬರೆದಿದೆ. ಯೋಜನೆ ಅವರದು ಎನ್ನುವುದು ಸರಿ. ಅಲೆತಡೆ ಗೋಡೆಗೆ 1849ರಲ್ಲಿ ಪ್ರಿನ್ಸ್ ಆಲ್ಬರ್ಟ್ ಮೊದಲ ಕಲ್ಲಿಟ್ಟರು, 1856ರಲ್ಲಿ ರೆಂಡೆಲ್ ತೀರಿಕೊಂಡರು, ಗೋಡೆ ಮುಗಿದದ್ದು 1872ರಲ್ಲಿ. ನಡುವಿನ ಅಷ್ಟೂ ವರ್ಷ, ಕೈದಿಗಳು ಗಣಿಯಿಂದ ತೆಗೆದ ಕಲ್ಲನ್ನು ಸಮುದ್ರಕ್ಕೆ ಸುರಿಯುತ್ತ, ಚಳಿಗಾಲದ ಅಲೆಗಳನ್ನು ಎದುರಿಸುತ್ತ ಕೆಲಸ ನಡೆಸಿದವರು ಜಾನ್ ಕೂಡ್. ಹೋಲಿಹೆಡ್ ಬಂದರನ್ನೂ ರೆಂಡೆಲ್ ಶುರುಮಾಡಿದರು, 1873ರಲ್ಲಿ ಮುಗಿಸಿದವರು ಜಾನ್ ಹಾಕ್‌ಶಾ. ಥರ್ಲ್‌ಮಿಯರ್ ಸರೋವರದ ನೀರು ಮ್ಯಾಂಚೆಸ್ಟರಿಗೆ ಬಂದದ್ದು 1894ರಲ್ಲಿ. ಆ ಯೋಜನೆಗಾಗಿ 1870ರ ದಶಕದಲ್ಲಿ ಸಲಹೆ ಕೊಟ್ಟ ಬೇಟ್‌ಮನ್ ಅಷ್ಟು ಹೊತ್ತಿಗೆ ಇರಲಿಲ್ಲ, ಕೆಲಸ ನಡೆಸಿ ಮುಗಿಸಿದವರು ಅವರ ಜೊತೆಗಾರ ಜಾರ್ಜ್ ಹೆನ್ರಿ ಹಿಲ್. ನಕ್ಷೆಗೆ ಸಹಿ ಹಾಕಿದವರಷ್ಟೇ ಸ್ಥಳದಲ್ಲಿ ನಿಂತು ಕಟ್ಟಿಸಿದವರಿಗೂ ಒಂದು ಸಾಲು ಸಲ್ಲಬೇಕು.

ಈ ಲೇಖನಮಾಲೆ ಪುಸ್ತಕವಾಗಿ ಬರಲಿದೆಯೆಂದು ತಮ್ಮ ಪುರವಣಿಯಲ್ಲೇ ಪ್ರಕಟವಾಗಿದೆ. ಆ ಹೊತ್ತಿಗೆ ಪೋರ್ಟ್‌ಲ್ಯಾಂಡ್ ಮುಂದೆ ಕೂಡ್ ಅವರ ಹೆಸರನ್ನೂ ಹೋಲಿಹೆಡ್ ಮುಂದೆ ಹಾಕ್‌ಶಾ ಅವರ ಹೆಸರನ್ನೂ ಸೇರಿಸಬೇಕೆಂದು, ಬ್ಯೂನಸ್ ಐರಿಸ್‌ಗೆ ಒಂದು ಪುಟವನ್ನಾದರೂ ಕೊಡಬೇಕೆಂದು ಲೇಖಕರಲ್ಲಿ ನನ್ನ ವಿನಂತಿ. ವುಡ್‌ಹೆಡ್‌ನ ಮುಂದೆ 1848 ಹಾಗೆಯೇ ಇರಲಿ. ಅದರ ಪಕ್ಕದಲ್ಲಿ 1877 ಎಂದೂ, ಮೊದಲ ಒಡ್ಡು ಸೋರಿದ್ದರಿಂದ ಎರಡನೆಯದನ್ನು ಕಟ್ಟಲಾಯಿತು ಎಂದೂ ಅಚ್ಚಾಗಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ನೀರು ಸರಬರಾಜು ಇಂಜಿನಿಯರ್